ಆರೂ ಹತ್ತರ ಗೆರೆ

ಹಾಳೆ ಬೆಳ್ಳಗಿದೆ. ದುಂಡಗೆ, ಸಣ್ಣ ನಿಪ್ಪಟ್ಟಿನಗಲ.
ಚಿಮಟದಲ್ಲೇ ಹಿಡಿಯಬೇಕು, ಬೆರಳ ಬೆವರಿಗೂ ತೂಕ ಇದೆ
ಅಂದರು ಸಫೂರಾ ಮೇಡಂ, ಮೊದಲ ದಿನ.
ಬೆವರಿಗೆ ತೂಕ ಇರುವುದು ನನಗೆ ಗೊತ್ತಿಲ್ಲವೆ.

ಪಂಚಾಯ್ತಿ ತಾರಸಿಯಲ್ಲಿ, ನೀರಿನ ಟ್ಯಾಂಕಿನ ಪಕ್ಕ
ಒಂದು ಡಬ್ಬಿ ಹಗಲೂ ರಾತ್ರಿ ಉಸಿರೆಳೆಯುತ್ತದೆ.
ದಿನಕ್ಕೆ ನೂರೈವತ್ತು ರೂಪಾಯಿಗೆ
ನಾನು ಅದರ ಪುಪ್ಪುಸ ಬದಲಿಸುತ್ತೇನೆ:
ಹಳೆಯದು ತೆಗೆ, ನಂಬರು ಬರೆ,
ಆಸ್ಪತ್ರೆಯ ಫ್ರಿಜ್ಜಿನಲ್ಲಿ ಲಸಿಕೆಯ ಕೆಳಗಿನ ಖಾನೆಯಲ್ಲಿಡು.

ಬಣ್ಣ ನೋಡಿಯೇ ಹೇಳಬಲ್ಲೆ ಈಗ.
ಈ ಕೆಂಪು, ಭೀಮಸಮುದ್ರದ ಕಡೆಯ ಅದಿರು ಲಾರಿಯದು.
ಈ ಬೂದಿ ಕ್ರಷರಿನದು;
ಗಾದ್ರಪ್ಪನ ರೆಪ್ಪೆ ಮೇಲಿರುವುದೂ ಇದೇ.
ಹೆದ್ದಾರಿಯದು ಕಪ್ಪು, ಜಿಡ್ಡು.
ಆಷಾಢದಲ್ಲಿ ಮಾತ್ರ
ಹರಗಿ ಬಿಟ್ಟ ಹೊಲದ ಮಣ್ಣು ಬಂದು
ತಿಳಿ ಕಾಫಿಯ ಕಲೆಯ ಹಾಗೆ ಕೂರುತ್ತದೆ.

ಗಾಳಿಯದೆಷ್ಟು, ಮನುಷ್ಯರದೆಷ್ಟು,
ಅದೇ ಅವರ ಓದು. ಮೂರು ವರ್ಷದ್ದು.
ನಾನು ಕೇಳಿದೆ: ಕಾವಲಿನ ಹುಲ್ಲು ಕಿತ್ತು ಉತ್ತೋರು ನಾವು,
ಎತ್ತಿದ್ದು ಗಾಳಿ. ಯಾರ ಖಾತೆಗೆ ಬರೀತೀರ?
ಮೇಡಂ ಪೆನ್ನು ಕಚ್ಚಿದರು. ಬರೆದುಕೊಂಡರು,
ಉತ್ತರವನ್ನಲ್ಲ.

ಒಂದು ಸಂಜೆ ಲ್ಯಾಪ್‌ಟಾಪಿನಲ್ಲಿ ನಿಮಿಷ ನಿಮಿಷದ ಗೆರೆ ತೋರಿಸಿದರು.
ಏಳಕ್ಕೆ ಲಾರಿ, ಗುಡ್ಡ. ಹತ್ತಕ್ಕೆ ಕ್ರಷರು,
ಜೋಗಿಮಟ್ಟಿಯಂಥ ಬೆಟ್ಟ. ಊಟದ ಹೊತ್ತಿಗೆ ಇಳಿಜಾರು.
ಆದರೆ ಇದೇನು, ಆರೂ ಹತ್ತಕ್ಕೆ, ಭಾನುವಾರವೂ ಬಿಡದೆ?
ಸಣ್ಣದು, ಜಾಲಿಮುಳ್ಳಿನಂತೆ ನೆಟ್ಟಗೆ.
ಯಂತ್ರ ಕೆಟ್ಟಿದೆಯೆಂದು ಮೂರು ಸಲ ಬಿಚ್ಚಿ ಕಟ್ಟಿದ್ದರಂತೆ.

ನಗು ಬಂತು ನನಗೆ. ಆಮೇಲೆ ನಾಚಿಕೆ.
ಅದು ಮಾರಕ್ಕ, ಮೇಡಂ. ಮತ್ತೆ ನಾನು.
ಈ ಕೇರಿ ಆ ಕೇರಿ ಸೇರಿ ನಲವತ್ತು ಪೊರಕೆ.
ನಿನ್ನೆಯ ಲಾರಿ ಬಿಟ್ಟುಹೋದದ್ದನ್ನು
ಹೊಸ್ತಿಲಿಂದ ದಾರಿಗೆ ತಳ್ಳುವ ಹೊತ್ತು ಅದು.
ನಲ್ಲಿಯಲ್ಲಿ ನೀರು ಬರುವುದು ಏಳಕ್ಕೆ.
ನೀರು ಚಿಮುಕಿಸದೆ, ಒಣಗುಡಿಸು.

ಮೇಡಂ ನಗಲಿಲ್ಲ. ಮೋಡ ನೋಡುತ್ತ ಹೇಳಿದರು:
ದೂಳು ಮೇಲೇರಿ ಬಿಸಿಲು ಕುಡಿಯುತ್ತದೆ, ಗಾಳಿ ಕಾಯುತ್ತದೆ,
ನೆಲಕ್ಕೆ ಮಬ್ಬು. ಹನಿಹನಿಯ ಹೊಟ್ಟೆಯಲ್ಲೂ ಒಂದು ಕಣ ಇರುತ್ತದೆ;
ಕಣ ಅತಿಯಾದರೆ ಹನಿ ಬಡವಾಗಿ
ಬೀಳಲಾರದೆ ಮುಂದಿನ ತಾಲ್ಲೂಕಿಗೆ ತೇಲುತ್ತದೆ.
ಇರಬಹುದು, ಅಂದರು ಕೊನೆಗೆ.
ಅವರು ಯಾವುದಕ್ಕೂ ಹೌದು ಅನ್ನುವವರಲ್ಲ.

ಬೆಳಗ್ಗೆ ಪೊರಕೆ ಹಿಡಿದು ನಿಂತೆ. ಆರೂ ಒಂಬತ್ತು.
ಪಕ್ಕದಲ್ಲಿ ಮಾರಕ್ಕ ಆಗಲೇ ಕೆಮ್ಮುತ್ತ ಅರ್ಧ ಅಂಗಳ ಮುಗಿಸಿದ್ದಳು.
ಮೇಲೆ ಡಬ್ಬಿಯ ಗುಂಯ್ ಸದ್ದು.
ನಾನೊಬ್ಬಳು ಬಿಟ್ಟರೆ ಮುಳ್ಳು ಎಷ್ಟು ಮೊಂಡಾದೀತು?
ಗುಡಿಸಿದೆ. ಬಗ್ಗಿ, ಮೆಲ್ಲಗೆ,
ಮಲಗಿದ ಕೂಸಿನ ಮೈ ಒರೆಸುವಂತೆ.

ಆ ದಿನದ ಹಾಳೆ, ನಾನೂರ ಹನ್ನೆರಡು.
ಷರಾ ಕಾಲಮಿನಲ್ಲಿ ಬರೆದೆ:
ಮೋಡ ಇದೆ, ಮಳೆ ಇಲ್ಲ.
ಪೊರಕೆ, ನನ್ನದೂ ಸೇರಿ, ನಲವತ್ತು.