ಹಿಂದಿನವರ ಸರಾಸರಿ

ಮೀಟರ್ ಬೋರ್ಡಿನ ಹಿಂದೆ, ತುಕ್ಕು ಹಿಡಿದ ತಂತಿಗೆ
ಚುಚ್ಚಿಟ್ಟಿದ್ದವು ಹನ್ನೆರಡು ಬಿಲ್ಲು.
ಕ್ಯಾತಮಾರನಹಳ್ಳಿಯ ಈ ಒಂಟಿ ಕೋಣೆಗೆ
ನಾನು ಹೊಲಿಗೆ ಮಷೀನು ಇಳಿಸುವ ಮುಂಚೆ
ಸುಣ್ಣ ಬಳಿದವರು ಅವನ್ನು ಮಾತ್ರ ಮರೆತಿದ್ದರು.
ಅಕ್ಷರ ಅರ್ಧ ಮಾಸಿತ್ತು.
ಹೆಸರು ಎಲ್ಲದರಲ್ಲೂ ಮಾಲೀಕ ಕೆಂಪರಾಜು ಅವರದೇ,
ಉರಿಸಿದವರದು ಎಲ್ಲೂ ಇಲ್ಲ.

ತಿಂಗಳಾದ ಮೇಲೆ ಸಿದ್ದಪ್ಪಾಜಿ ಬಂದ.
ಕೊರಳಿಗೆ ನೇತುಹಾಕಿಕೊಂಡ ಯಂತ್ರದಿಂದ
ಕಿರ್ರನೆ ಒಂದು ಗೇಣು ಕಾಗದ ಹರಿದುಕೊಟ್ಟ.
"ಅರವತ್ತೊಂದು ಸುಟ್ಟಿದ್ದೀರ ಕಣಕ್ಕ.
ನಿಮಗೆ ಪುಕ್ಕಟೆ ನಲವತ್ತೈದು. ಮಿಕ್ಕಿದ್ದು ಕಟ್ಟಿ."
ನಲವತ್ತೈದು ಅಂತ ಯಾರು ಹೇಳಿದ್ದು?
"ನೀವೇ. ಹೋದ ವರ್ಷದ ನೀವು."
ಹೋದ ವರ್ಷ ನಾನು ನಂಜನಗೂಡಿನಲ್ಲಿದ್ದೆ.
"ನೀವಿರಲಿಲ್ಲ, ಸರಿ. ಮೀಟರಿತ್ತಲ್ಲ!
ಹನ್ನೆರಡು ತಿಂಗಳದ್ದು ಕೂಡಿ, ಹನ್ನೆರಡರಿಂದ ಭಾಗಿಸಿ,
ಮೇಲೆ ನೂರಕ್ಕೆ ಹತ್ತು ಕೊಸರು."

ಆ ರಾತ್ರಿ ಬಟ್ಟೆ ಕತ್ತರಿಸುವ ಹಲಗೆಯ ಮೇಲೆ
ಬಿಲ್ಲು ಹರಡಿಕೊಂಡು, ಗುರುತು ಹಾಕುವ ಸೀಮೆಸುಣ್ಣದಲ್ಲೇ ಕೂಡಿದೆ.

ಏಪ್ರಿಲ್ ನಲವತ್ತೊಂದು.
ಮೇ ಐವತ್ತೆಂಟು: ಫ್ಯಾನು ನಿಂತೇ ಇಲ್ಲ,
ರಜೆಗೆ ಬಂದ ತಂಗಿಯ ಮಕ್ಕಳಿರಬೇಕು.
ಜೂನ್ ಇಪ್ಪತ್ತೆರಡು.
ಜುಲೈ, ಆಗಸ್ಟ್: 'ಬಾಗಿಲು ಬೀಗ' ಎಂದು ಅಚ್ಚು,
ಆದರೂ ನಲವತ್ತು, ನಲವತ್ತು.
ಯಾರೂ ಇಲ್ಲದ ಮನೆಯಲ್ಲಿ
ಎರಡು ತಿಂಗಳು ಅಂದಾಜಿನ ದೀಪ ಉರಿದಿದೆ.
ಸೆಪ್ಟೆಂಬರಿನಲ್ಲಿ ಬೀಗ ತೆಗೆದು, ನಿಜ ಓದಿ,
ಸುಳ್ಳು ಕಳೆದ ಮೇಲೆ ಉಳಿದದ್ದು ಏಳು.
ದಸರಾಕ್ಕೆ ಅರವತ್ತಮೂರು!
ಅರಮನೆಯ ದೀಪ ನೋಡಲು ಬಂದ ನೆಂಟರು
ಇಲ್ಲಿ ನೀರು ಕಾಯಿಸಿಕೊಂಡರು;
ಅವರಿಗೆ ನಾನು ಮನಸ್ಸಿನಲ್ಲೇ ಉಪ್ಪಿಟ್ಟೂ ಮಾಡಿಹಾಕಿದೆ.
ಮೂವತ್ತೈದು. ಮೂವತ್ತಮೂರು.

ಜನವರಿ ಎಪ್ಪತ್ತೊಂದು, ಫೆಬ್ರವರಿ ಅರವತ್ತೆಂಟು.
ಇಲ್ಲಿ ಸೀಮೆಸುಣ್ಣ ತಡೆಯಿತು.
ಒಂದು ಕೋಣೆ ಚಳಿಗಾಲದಲ್ಲಿ ಇಷ್ಟು ಉಣ್ಣುವುದಿಲ್ಲ.
ಯಾರಿಗೋ ಉಬ್ಬಸ. ಇರುಳೆಲ್ಲ ಗುಯ್ಯೆನ್ನುವ ಯಂತ್ರ,
ಪಕ್ಕದಲ್ಲಿ ರೆಪ್ಪೆ ಮುಚ್ಚದೆ ಕೂತ ಇನ್ನೊಬ್ಬರು.
ಮಾರ್ಚ್ ಹದಿನಾಲ್ಕು.
ಮುಂದೆ ಯೋಚಿಸಲಿಲ್ಲ.
ಬೆಳಿಗ್ಗೆ ಎದ್ದು ಕಿಟಕಿಯ ಮೂಲೆಗೆ ಒಂದು ಊದುಬತ್ತಿ ಹಚ್ಚಿದೆ.

ಒಟ್ಟು ನಾನೂರ ತೊಂಬತ್ತೆರಡು.
ಭಾಗಿಸಿದರೆ ನಲವತ್ತೊಂದು, ಚಿಲ್ಲರೆಯಿಲ್ಲ.
ಕೊಸರು ಸೇರಿ ನಲವತ್ತೈದು. ಲೆಕ್ಕ ಸರಿಯೇ.
ಆದರೆ ಮದುವೆಮನೆಯ ಹನ್ನೆರಡು ಹೆಂಗಸರ
ಸುತ್ತಳತೆ ಕೂಡಿ, ಭಾಗಿಸಿ,
ಒಂದೇ ರವಿಕೆ ಹೊಲಿದರೆ
ಏಪ್ರಿಲ್ ಎಂಬವಳೊಬ್ಬಳಿಗೆ ಹಿಡಿಸೀತು.
ಉಳಿದವರ ತೋಳಿಗೂ ಏರದು.

ಮರುತಿಂಗಳು ಸಿದ್ದಪ್ಪಾಜಿಯನ್ನು ಮೆಲ್ಲಗೆ ಕೇಳಿದೆ,
ಜನವರಿಯಲ್ಲಿ ಇಲ್ಲಿ ಯಾರಿಗೆ ಏನಾಗಿತ್ತು?
ಅವನು ನಕ್ಕ ನಗೆಗೆ ಬೀದಿನಾಯಿ ಎದ್ದು ನಿಂತಿತು.
"ಯಾರಿಗೂ ಏನೂ ಆಗ್ಲಿಲ್ಲ ಕಣಕ್ಕ!
ಮಹಡಿಯೋರ ನೀರಿನ ಮೋಟರು
ಎರಡು ತಿಂಗಳು ಈ ಮೀಟರಿಗೇ ಓಡ್ತಿತ್ತು.
ಯಾವನೋ ವೈರ್‌ಮನ್ ಕೈವಾಡ.
ಆಯಮ್ಮ ಜಗಳ ಆಡಿ ಆಡಿ ಸಾಕಾಗಿ ಮನೆ ಬಿಟ್ರು.
ಅದಿಲ್ದಿದ್ರೆ ನಿಮಗೆ ಸಿಗ್ತಿದ್ದದ್ದು ಮೂವತ್ತೆಂಟೇಯ."

ಊದುಬತ್ತಿಯ ಬೂದಿ ಇನ್ನೂ ಕಿಟಕಿಯಲ್ಲೇ ಇತ್ತು.
ಮೇಲೆ ಟ್ಯಾಂಕು ತುಂಬುವ ಸದ್ದು.
ನನ್ನ ಏಳು ಯೂನಿಟ್ಟಿನ ಋಣ
ಆ ನೀರಿಗೋ, ಆ ಜಗಳಕ್ಕೋ?
ಆಯಮ್ಮ ಈಗ ಎಲ್ಲಿದ್ದಾರೆ ಎಂದೆ.
"ಎಲ್ಲಿದ್ರೂ ಇನ್ಯಾರದೋ ಸರಾಸರೀಲಿರ್ತಾರೆ ಬಿಡಿ,"
ಅನ್ನುತ್ತ ಪಕ್ಕದ ಗೇಟು ತಳ್ಳಿದ.

ನನ್ನ ಬಿಲ್ಲುಗಳನ್ನೂ ಅದೇ ತಂತಿಗೆ ಚುಚ್ಚಿದೆ.
ಚುಚ್ಚುವ ಮೊದಲು ಅರವತ್ತೊಂದರ ಬೆನ್ನಿಗೆ
ಪೆನ್ಸಿಲಿನಲ್ಲಿ ಬರೆದೆ:
ಲಗ್ನದ ತಿಂಗಳು. ಮೂವತ್ತೆರಡು ರವಿಕೆ, ಇಸ್ತ್ರಿ ಸಹಿತ.
ಯಾರಿಗೂ ಹುಷಾರು ತಪ್ಪಿರಲಿಲ್ಲ.