ಬೆಂಗ್ರೆಯಲ್ಲಿ ಐದು ಪಾಯಿಂಟ್

ಬಂದರಿನಲ್ಲಿ ಫೆರಿ ಹತ್ತಿದೆ,
ಹೆಗಲಿಗೆ ಎರಡೂವರೆ ಸ್ಕ್ವೇರಿನ ವಯರು,
ಕೆಂಪೊಂದು ಸುರುಳಿ, ಕಪ್ಪೊಂದು, ಹಸಿರೊಂದು.
ಟಿಕೇಟಿನ ಹುಡುಗ ಕೇಳಿದ: ಲಗೇಜಾ, ಹಿಲರಿಯಣ್ಣ?
ಕರೆಂಟು ಮಾರಾಯ, ಅಂದೆ, ಇನ್ನೂ ತುಂಬಿಸಿಲ್ಲ.

ಗುಲಾಬಕ್ಕನ ಮನೆ ಮರಳಿನ ಮೇಲೆ.
ಹಿಂದೆ ಸಮುದ್ರ, ಮುಂದೆ ಹೊಳೆ,
ನಡುವೆ ಒಂದೇ ಒಂದು ಪ್ಲಗ್ಗು.
ಅದಕ್ಕೊಂದು ತ್ರೀ-ವೇ, ಅದರ ಬೆನ್ನಿಗೆ ಇನ್ನೊಂದು.
ಅಲ್ಲಿಂದ ಫ್ರೀಜರು (ಸಂಘದ ಸಾಲದ್ದು, ಮೂರು ಕಂತು ಬಾಕಿ),
ಮಿಕ್ಸಿ, ಇಸ್ತ್ರಿಪೆಟ್ಟಿಗೆ, ನಾಲ್ಕು ಮೊಬೈಲು,
ಸೊಸೆ ನಿಶ್ಮಿತಾಳ ಹೊಲಿಗೆ ಮೋಟಾರು:
ಗಾಳಿಮಳೆಗೆ ಧಕ್ಕೆಯಲ್ಲಿ
ಬೋಟಿಗೆ ಬೋಟು ತಾಗಿ ನಿಂತ ಹಾಗೆ.

"ಪಾಯಿಂಟಿನ ವಿಷಯ ಆಮೇಲೆ," ಅಂದರು ಗುಲಾಬಕ್ಕ,
"ಮೊದಲು ನಿನ್ನ ಮೂಗಿಗೊಂದು ಕೆಲಸ ಉಂಟು.
ನಾಲ್ಕು ದಿನದಿಂದ ಎಲ್ಲೋ ಮೀನು ಹಾಳಾಗಿದೆ.
ಬುಟ್ಟಿ ತಿಕ್ಕಿದೆ, ಹುಣಸೆಹುಳಿ ಹಾಕಿ.
ಫ್ರೀಜರು ಖಾಲಿ ಮಾಡಿ ಒಂದೊಂದೇ ಮೂಸಿದೆ.
ಬೆಕ್ಕಿಗೆ ಸುಮ್ಮನೆ ಬೈದೆ, ಪಾಪ, ಅದು ಬರುವುದನ್ನೇ ಬಿಟ್ಟಿತು.
ಬೂತಾಯಿ ಅಲ್ಲ, ನಂಗ್ ಅಲ್ಲ, ತೊರಕೆ ಅಲ್ಲವೇ ಅಲ್ಲ.
ಮೂವತ್ತೆಂಟು ವರ್ಷ ಮಾರಿದ್ದೇನೆ,
ಕಣ್ಣು ಕಟ್ಟಿ ಕೊಟ್ಟರೂ ಹೇಳುತ್ತೇನೆ
ಯಾವ ಮೀನು, ಎಷ್ಟು ಹೊತ್ತಿನದು ಅಂತ.
ಇದೊಂದಕ್ಕೆ ಹೆಸರೇ ಬರುವುದಿಲ್ಲ."

ನನಗೆ ಬಂತು.
ಮೇನ್ ಇಳಿಸಿದೆ. ಪ್ಲಗ್ಗಿನ ಒಂದು ಸ್ಕ್ರೂ ತಿರುಗಿತು,
ಇನ್ನೊಂದರ ತಲೆಯನ್ನು ಉಪ್ಪುಗಾಳಿ ತಿಂದಿತ್ತು, ಕೊರೆದೆ.
ಒಳಗೆ ತಾಮ್ರ ಹಸಿರು, ಪ್ಲಾಸ್ಟಿಕ್ಕು ಕಂದು,
ಒಂದು ಮೂಲೆ ದೋಸೆಯ ಅಂಚಿನ ಹಾಗೆ
ಸುರುಟಿ ಕಪ್ಪು.
"ಮೂಸಿ ನೋಡಿ ಅಕ್ಕ."
ಮೂಸಿದರು.
ಗೋಡೆಗೆ ಕೈ ಕೊಟ್ಟು ಮೆಲ್ಲ ಕೂತರು.

ಸುಡುವ ಸಾಕೆಟ್ಟಿಗೂ ಮೀನಿನದೇ ವಾಸನೆ.
ಪೇಟೆಯ ಮನೆಯಾದರೆ ಮೊದಲ ದಿನವೇ ಫೋನು.
ಇಲ್ಲಿ ಅದು ಮನೆಯವರಲ್ಲಿ ಒಬ್ಬನಾಗಿ
ನಾಲ್ಕು ದಿನ ಉಂಡು ಮಲಗಿತ್ತು,
ಮಗುವಿನ ತೊಟ್ಟಿಲಿನಿಂದ ಒಂದೂವರೆ ಮೊಳ ದೂರ.

ಆಮೇಲೆ ಪಾಯಿಂಟಿನ ವಿಷಯ.
"ಇದರಿಂದಲೇ ಎಳೆದು ಐದು ಕೊಡಿ, ಖರ್ಚು ಕಮ್ಮಿ ಅಲ್ವಾ?"
ನಿಶ್ಮಿತಾ ಕೇಳಿದಳು.
ನಾನು ಗಂಟಲು ಸರಿಮಾಡಿಕೊಂಡೆ: ನೋಡಮ್ಮ,
ಪಾಯಿಂಟು ಹೆಚ್ಚಿದರೆ ತಂತಿ ದಪ್ಪ ಆಗುವುದಿಲ್ಲ,
ಗೋಡೆಯೊಳಗೆ ಇರುವುದು ಅದೇ,
ಮೂರು ಬಲ್ಬಿನ ಕಾಲದ್ದು...
ಗುಲಾಬಕ್ಕ ಕೂತಲ್ಲಿಂದಲೇ:
"ಗಾಳದ ನೂಲಿಗೆ ಬೋಟು ಕಟ್ಟಿದ ಹಾಗೆ."
ನನ್ನ ಹತ್ತಿರ ಇನ್ನೂ ಹತ್ತು ನಿಮಿಷದ ಮಾತಿತ್ತು.
ನುಂಗಿದೆ.

ಮೀಟರಿನಿಂದಲೇ ಬೇರೆ ಲೈನು ಎಳೆದೆ,
ಫ್ರೀಜರಿಗೆ ಅದರದೇ ಒಂದು ಎಂಸಿಬಿ.
ಅರ್ಥಿಂಗಿಗೆ ಅಂಗಳದಲ್ಲಿ ಗುಂಡಿ ತೋಡಿದರೆ
ಎರಡು ಮೊಳಕ್ಕೇ ನೀರು.
ಇದ್ದಿಲು ತಂದಿದ್ದೆ. ಉಪ್ಪು ತರಬೇಕಿರಲಿಲ್ಲ.

ಫ್ರೀಜರಿಗೊಂದು, ಮಿಕ್ಸಿಗೊಂದು, ಮೋಟಾರಿಗೆ,
ಮೊಬೈಲುಗಳಿಗೆ. ಐದನೆಯದು ಯಾರಿಗೆ?
"ಖಾಲಿ ಇರಲಿ," ಅಂದರು ಗುಲಾಬಕ್ಕ.
"ಮೊದಲು ಬಂದವರಿಗೆ ಬೆಲ್ಲ ನೀರು ಕೊಟ್ಟರೆ ಆಯಿತು.
ಈಗ ಚಪ್ಪಲಿ ಬಿಡುವ ಮೊದಲೇ
ಚಾರ್ಜರು ಕೇಳುತ್ತಾರೆ."

ಮೇನ್ ಏರಿಸಿದೆ.
ಫ್ರೀಜರು ಒಮ್ಮೆ ನಡುಗಿ, ಗುಂಯ್ ಅಂತ ಹಿಡಿಯಿತು.
ಗುಲಾಬಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ
ಪಾಯಿಂಟು ಪಾಯಿಂಟಿಗೂ ಮೂಗು ಕೊಟ್ಟು ನೋಡಿದರು,
ಖಾಲಿಯದಕ್ಕೂ.
"ಹ್ಞಾಂ. ಈಗ ಮನೆಯಲ್ಲಿ ಬರೀ ಮೀನು."
ಬೆಕ್ಕು ಇನ್ನೂ ಬಂದಿರಲಿಲ್ಲ.

ಮಜೂರಿಯ ಮೇಲೆ ಆರು ಬಂಗುಡೆ, ಪೇಪರಿನಲ್ಲಿ ಸುತ್ತಿ.
ಫೆರಿಯಲ್ಲಿ ಪಕ್ಕದವರು ಸ್ವಲ್ಪ ಸರಿದು ಕೂತರು.
ಹೊಳೆಯ ನಡುವೆ ಪೊಟ್ಟಣ ಬಿಚ್ಚಿ ಮೂಸಿದೆ,
ದಡ ಹತ್ತಿದ ಮೇಲೆ ಇನ್ನೊಮ್ಮೆ.
ಬಂಗುಡೆಯೇ.