ನಿರೀಕ್ಷಿತ ಉಸಿರು

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಓಣಿಗೆ
ನಾನು ಹೋಗುವುದು ಬೆಳಗಿನ ನಾಲ್ಕೂವರೆಗೆ.
ಹೆಗಲಿಗೆ ಯಂತ್ರ, ಚೀಲದಲ್ಲಿ
ರಟ್ಟಿನ ಕೊಳವೆ ನೂರು, ಒಪ್ಪಿಗೆ ಪತ್ರ ನೂರು,
ಹೆಬ್ಬೆಟ್ಟಿಗೊಂದು ನೀಲಿ ಶಾಯಿಯ ಡಬ್ಬಿ.
ಮೆಡಿಕಲ್ ಕಾಲೇಜು ಕೊಟ್ಟ ಹೆಸರು: ಕ್ಷೇತ್ರ ಸಹಾಯಕಿ.
ಓಣಿ ಇಟ್ಟದ್ದು: ಊದಿಸೋ ಅಕ್ಕ.

"ಎದೆ ತುಂಬ ಎಳಕೊಳ್ರಿ. ಈಗ ಊದ್ರಿ,
ಊದ್ರಿ ಊದ್ರಿ ಊದ್ರಿ, ಇನ್ನಾ, ಇನ್ನಾ,
ನಿಲ್ಲಿಸಬ್ಯಾಡ್ರಿ"
ಆರು ಸೆಕೆಂಡು, ಅಷ್ಟೇ.
ಹುಟ್ಟಾ ಒಲೆ ಊದಿದವರಿಗೆ ಇದೇನು ಮಹಾ ಅಂದುಕೊಂಡಿದ್ದೆ.
ಮೂರನೆಯ ಸೆಕೆಂಡಿಗೇ ಕೆಮ್ಮು
ಕದ ತಳ್ಳಿಕೊಂಡು ಬರುತ್ತದೆ,
ಪರದೆಯ ಗೆರೆ ಗುಡ್ಡ ಹತ್ತುವ ಮೊದಲೇ ಕೂತುಬಿಡುತ್ತದೆ.

ಅಕ್ಕಿ ಅರಳಲು ಒಂದೇ ಚಣ ಸಾಕು.
ಕಾದ ಮರಳಿಗೆ ಬಿದ್ದದ್ದೇ ತಡ
ಒಳಗಿನ ಹನಿ ಉಗಿಯಾಗಿ, ಗೋಡೆ ಒಡೆದು
ಬರೀ ಗಾಳಿ.
ಡಾಕ್ಟರು ತೋರಿಸಿದ ಶ್ವಾಸಕೋಶದ ಚಿತ್ರವೂ ಹಾಗೇ ಇತ್ತು:
ಗೋಡೆ ಒಡೆದು ಒಂದಾದ ಗೂಡುಗಳು,
ದೊಡ್ಡವು, ಹಗುರ, ಯಾವ ಕೆಲಸಕ್ಕೂ ಬಾರದವು.
ಇದನ್ನು ನಾನು ವರದಿಯಲ್ಲಿ ಬರೆಯಲಿಲ್ಲ.
ಅಲ್ಲಿ ಇದಕ್ಕೆ ಕಾಲಂ ಇಲ್ಲ.

ಜೈತುನಬಿ ಬಂದು ಕೂತದ್ದು ಜರಡಿ ಕೆಳಗಿಟ್ಟು,
ಸೆರಗಿನಲ್ಲಿ ಮುಖದ ಮಸಿ ಒರೆಸಿಕೊಂಡು.
ಯಂತ್ರಕ್ಕೆ ಮೊದಲು ಬೇಕಾದದ್ದು ಉಸಿರಲ್ಲ, ಲೆಕ್ಕ.
ಎತ್ತರ? ನೂರಾ ನಲವತ್ತೊಂಬತ್ತು.
ತೂಕ? ನಲವತ್ತೊಂದು, ಬಳೆ ಸೇರಿ.
ಜನಾಂಗ? ಪಟ್ಟಿಯಲ್ಲಿ ಐದು ಹೆಸರು,
ಯಾವುದರೊಳಗೂ ಈ ಓಣಿ ಇರಲಿಲ್ಲ; "ಇತರೆ" ಒತ್ತಿದೆ.
ವಯಸ್ಸು?

"ಆಧಾರದಾಗ ಬರದಾರಲ್ಲ, ಜನವರಿ ಒಂದು.
ಈ ಓಣ್ಯಾಗ ಅರ್ಧ ಮಂದಿ ಜನವರಿ ಒಂದಕ್ಕೇ ಹುಟ್ಟೀವಿ."
ನಕ್ಕಳು. ನಗು ಕೆಮ್ಮಾಗಿ, ಕೆಮ್ಮು ಮುಗಿಯುವ ತನಕ
ನಾನು ಯಂತ್ರದ ತಂತಿ ಸುತ್ತುತ್ತ ಕೂತೆ.
"ಖರೇ ಹೇಳಬೇಕಂದ್ರ, ಕಾಟನ್ ಮಿಲ್ ಮುಚ್ಚಿದ ವರ್ಷ
ನಂಗ ಹಲ್ಲು ಬಿದ್ದಿದ್ವು. ಮುಂದಿನವು, ಎರಡು."

ಊದಿದಳು. ಮೂರು ಸಲ.
ಚಲೋದು ಅಂದರೆ ಒಂದು ಲೀಟರು, ಮೇಲೆ ಆರುನೂರು.
ಇದು ಹೆಚ್ಚೋ ಕಡಿಮೆಯೋ ಉಸಿರಿಗೆ ಗೊತ್ತಿಲ್ಲ.
ಎಲ್ಲೋ ಯಾರೋ ಹೊಗೆ ಕಾಣದವರು ಊದಿ
ಬರೆಸಿಟ್ಟ ಸೂತ್ರಕ್ಕೆ ಗೊತ್ತು.
ನಲವತ್ತೇಳು ಎಂದು ಒತ್ತಿದೆ: ಶೇಕಡಾ ಎಪ್ಪತ್ತಾರು, ಕೆಂಪು.
ಅಳಿಸಿ ಐವತ್ತೈದು ಎಂದೆ: ಎಂಬತ್ತಮೂರು, ಹಸಿರು.
ಎಂಬತ್ತು ಗೆರೆ.
ಅದೇ ಎದೆ, ಅದೇ ಗಾಳಿ,
ಎರಡು ಹಾಲುಹಲ್ಲು ಬಿದ್ದದ್ದು ಯಾವಾಗ ಅನ್ನುವುದರ ಮೇಲೆ
ಅವಳು ರೋಗಿ, ಅವಳು ರೋಗಿಯಲ್ಲ.

ಮಧ್ಯಾಹ್ನ ಹಳೇ ಮಿಲ್ಲಿನ ಕಡೆ ಹೋದೆ.
ಗೇಟಿನೆದುರು ಸೈಕಲ್ಲಿಗೆ ಪಂಕ್ಚರ್ ಹಾಕುವ ಹಾಲೇಶಪ್ಪ
ನೂಲಿನ ಖಾತೆಯಲ್ಲಿ ಇದ್ದವನು.
ಟ್ಯೂಬು ನೀರಿಗದ್ದಿ ಗುಳ್ಳೆ ಹುಡುಕುತ್ತಲೇ ಕೇಳಿದ:
"ಯಾವ ಮುಚ್ಚಿದ್ದವ್ವ ನಿಂಗೆ ಬೇಕು?
ಮೂರು ಸಲ ಮುಚ್ಚೈತಿ.
ಸಂಪಿಗೆ ಒಮ್ಮೆ, ಕರೆಂಟಿಗೆ ಒಮ್ಮೆ,
ಕಡೀಕ ಬೀಗಕ್ಕ."
ಆಮೇಲೆ ಅವನೂ ಕೆಮ್ಮಿದ, ಹತ್ತಿಯ ಕೆಮ್ಮು,
ಒಣಗಿದ್ದು, ಹಳೆಯದು.
ನಮ್ಮ ಅಧ್ಯಯನದಲ್ಲಿ ಅವನಿಗೆ ಜಾಗವಿಲ್ಲ.
ಭಟ್ಟಿಯವರು ಮಾತ್ರ.

ಕಾಲಮ್ಮಿನಲ್ಲಿ ಪೆನ್ಸಿಲ್ಲಿನಿಂದ ಬರೆದೆ: 47, ಪಕ್ಕದಲ್ಲಿ 51,
ಅದರ ಪಕ್ಕ 55, ಒಂದು ಪ್ರಶ್ನೆ ಚಿಹ್ನೆ.
ಕಂಪ್ಯೂಟರಿನ ಹುಡುಗ ಹೇಳಿದ, ಮೇಡಂ,
ಒಂದು ಅಂಕಿ ಕೊಡಿ, ಪೆನ್ಸಿಲ್ ಅದಕ್ಕೆ ತಿಳಿಯಲ್ಲ.
ನಾಳೆ ಎಂದೆ.

ಬಳಸಿದ ಕೊಳವೆ ಹಳದಿ ಚೀಲಕ್ಕೆ, ಇದು ನಿಯಮ.
ಬಳಸದ್ದನ್ನು ಎಣಿಸಿದರೆ ಒಂದು ಕಡಿಮೆ.
ಮರುದಿನ ಓಣಿಯ ತಿರುವಿನಲ್ಲೇ ಕೇಳಿಸಿತು:
ಜೈತುನಬಿಯ ಮೊಮ್ಮಗ, ಹೊಟ್ಟಿನ ರಾಶಿಯ ಮೇಲೆ ನಿಂತು
ಪೀಪಿ ಮಾಡಿ ಊದುತ್ತಿದ್ದಾನೆ.
ಬೈಯಬೇಕೆಂದು ಬಾಯಿ ತೆರೆದವಳು
ರೂಢಿಗೆ ಬಿದ್ದು ಎಣಿಸುತ್ತ ನಿಂತೆ:
ನಾಲ್ಕು, ಐದು, ಆರು,
ಏಳು